ಬರ್ಫಿನ ಮೇಲೆ ಶಹಾಬಾದಿನ ಸಾಣೆ

ನನಗೆ ಈಗ ಇಪ್ಪತ್ತೊಂಬತ್ತು. ಕೆಲಸದಿಂದ ನಿವೃತ್ತಿಯಾಗಿ ಎಂಟು ತಿಂಗಳಾಯಿತು. ನಗಬೇಡಿ. ಸಾಣೆ ಯಂತ್ರದ ನಡುಕ ಐದು ಚಳಿಗಾಲ ಕೈಗೆ ಹತ್ತಿದರೆ ಬೆರಳ ತುದಿ ಬೆಳ್ಳಗಾಗಿ, ಮುಟ್ಟಿದ್ದು ಬಿಸಿಯೋ ತಣ್ಣಗೋ ಗೊತ್ತಾಗದ ಹಾಗಾಗುತ್ತದೆ. ಇನ್ನು ಯಂತ್ರ ಮುಟ್ಟಬೇಡ ಎಂದರು ಡಾಕ್ಟರು. ಬಿಟ್ಟೆ. ರಾಷ್ಟ್ರೀಯ ಮಹಿಳಾ ಐಸ್ ಹಾಕಿ ಲೀಗಿನಲ್ಲಿ ನಮ್ಮ ತಂಡದ ಸ್ಕೇಟುಗಳಿಗೆ ಸಾಣೆ ಹಿಡಿಯುವುದು ನನ್ನ ಕೆಲಸವಾಗಿತ್ತು. ಸ್ಕೇಟು ಅಂದರೆ ತಳಕ್ಕೆ ಉದ್ದನೆಯ ಉಕ್ಕಿನ ಬ್ಲೇಡು ಕೂಡಿಸಿದ ಬೂಟು, ಅಷ್ಟೇ. ಈಗ ನನ್ನ ಜಾಗಕ್ಕೆ ಚಿಂಚೋಳಿ ಕಡೆಯ ಇಬ್ಬರು ಹುಡುಗಿಯರು ಬಂದಿದ್ದಾರೆ. ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ "ಅಕ್ಕ, ಇದು ಹ್ಯಾಂಗ, ಅದು ಹ್ಯಾಂಗ" ಅನ್ನುತ್ತಾರೆ. ಒಂದೇ ಸಲ ಬರೆದು ಕೊಟ್ಟುಬಿಡೋಣ ಎಂದು ಕೂತಿದ್ದೇನೆ. ಸಾಣೆ ಹಿಡಿಯುವುದು ಹೇಗೆ ಅಂತ ವಿಡಿಯೋ ಸಾವಿರ ಸಿಗುತ್ತವೆ. ಕೆಡಿಸುವುದು ಹೇಗೆ ಅಂತ ಯಾರೂ ತೋರಿಸುವುದಿಲ್ಲ. ಅದನ್ನು ನಾನು ತೋರಿಸುತ್ತೇನೆ, ಅದರಲ್ಲಿ ನನಗೆ ಅನುಭವ ಹೆಚ್ಚು.

ಮಂಜುಗಡ್ಡೆಗೆ ನಾವು ಬರ್ಫು ಅನ್ನುತ್ತೇವೆ. ಮಣ್ಣೆತ್ತಿನ ಅಮಾವಾಸ್ಯೆಗೂ ಬಿಸಿಲು ತಗ್ಗದ ಊರಲ್ಲಿ ಅದು ಬಾಟಲಿ ತಣ್ಣಗಿಡುವ ವಸ್ತು ಎಂದಷ್ಟೇ ಗೊತ್ತಿದ್ದ ನಾನು ಈ ಕೆಲಸಕ್ಕೆ ಬಂದದ್ದು ಒಂದು ಬೀಗದ ಕೈಯಿಂದ. ನಮ್ಮಪ್ಪ ಶರಣಪ್ಪ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹೊಡೆಯುವವನು. ಅವನು ಮೊದಲು ದುಡಿದ ಯೂನಿಟ್ಟು ಮುಚ್ಚಿತ್ತು, ಶೆಡ್ಡಿನ ಬೀಗದ ಕೈ ಮಾತ್ರ ನಮ್ಮ ಮನೆಯ ಗೂಟಕ್ಕೆ ನೇತಾಡುತ್ತಿತ್ತು. ವಾಡಿಯ ರಫೀಕ್ ಸರ್ ಬಂದು ಕೇಳಿದರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಹುಡುಗಿಯರಿಗೆ ಗಾಲಿ ಸ್ಕೇಟಿನ ಹಾಕಿ ಕಲಿಸುತ್ತಿದ್ದರು. ಆ ಶೆಡ್ಡಿನ ನೆಲ ಉದ್ದಕ್ಕೂ ಪಾಲಿಶ್ ಆದ ಫರಸಿ. ಎಲ್ಲಿಯೂ ಸಂದಿಲ್ಲ, ಎತ್ತರತಗ್ಗಿಲ್ಲ.

"ಇಂಥಾ ನೆಲ ಮುಂಬೈಯಾಗೂ ಸಿಗಂಗಿಲ್ಲ ಶರಣಪ್ಪ," ಅಂದರು ಸರ್.

"ಮುಂಬೈಯಾಗ ಇರೋದೂ ನಮ್ಮ ಕಲ್ಲೇ ಅದ ಸಾಹೇಬ್ರ," ಅಂದ ಅಪ್ಪ.

ಭಾನುವಾರ ಬೆಳಿಗ್ಗೆ ಹುಡುಗಿಯರು ಬರುತ್ತಿದ್ದರು. ವಾಡಿಯಿಂದ ಪ್ಯಾಸೆಂಜರಿನಲ್ಲಿ, ಸೇಡಂನಿಂದ ಬಸ್ಸಿನಲ್ಲಿ. ನಾನು ಬೀಗ ತೆಗೆದು, ಕಸ ಹೊಡೆದು, ನೋಡುತ್ತ ನಿಲ್ಲುತ್ತಿದ್ದೆ. ಕಲ್ಲಿನ ಧೂಳು ಗಾಲಿಯ ಬೇರಿಂಗಿಗೆ ಹೊಕ್ಕು ಗಾಲಿ ಕಿರಗುಟ್ಟುತ್ತಿದ್ದವು. ಒಂದು ದಿನ ತಡೆಯಲಾಗದೆ ಎರಡು ಜೋಡಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಕೊಟ್ಟೆ. ಸರ್ ಗಾಲಿಯನ್ನು ಬೆರಳಿಂದ ತಿರುಗಿಸಿದರು. ಅದು ತಿರುಗಿತು, ತಿರುಗುತ್ತಲೇ ಇತ್ತು.

"ಯಾರು ಕಲಿಸ್ಯಾರ ನಿನಗ?"

"ಯಾರೂ ಇಲ್ರಿ. ಫೋನ್ನಾಗ ನೋಡೀನಿ."

"ಮಾದೇವಿ ಅಲ್ಲೇನು ನಿನ್ನ ಹೆಸರು? ನಾಳಿಂದ ನೀ ನಮ್ಮ ವರ್ಕ್‌ಶಾಪ್," ಅಂದರು.

ಅದೇ ನನ್ನ ನೇಮಕಾತಿ.

ಎರಡು ವರ್ಷದ ಮೇಲೆ ಬರ್ಫಿನ ಲೀಗಿಗೆ ನಮ್ಮ ಹೆಸರು ಹೋಯಿತು. ಬರ್ಫು ಬೀಳದ ಸೀಮೆಯಿಂದಲೂ ಒಂದು ತಂಡ ಇರಲಿ ಎಂದು ಲೀಗಿನವರಿಗೆ ಆಸೆ, ನಮಗೆ ಹುಚ್ಚು. ತಯಾರಿ ಹೇಗಿತ್ತು ಕೇಳಿ. ಹೈದರಾಬಾದಿನ ಒಂದು ಮಾಲಿನಲ್ಲಿ ಮಕ್ಕಳು ಆಡುವ ಸಣ್ಣ ಬರ್ಫಿನ ಅಂಗಳ. ಸೇಡಂನಿಂದ ಬೆಳಗಿನ ಬಸ್ಸು ಹಿಡಿದು ನಾಲ್ಕೇ ಸಲ ಹೋಗಿ, ಅಲ್ಲಿಯ ಬಾಡಿಗೆ ಸ್ಕೇಟಿನಲ್ಲೇ ಆಡಿ ಬಂದೆವು. ಉಳಿದದ್ದೆಲ್ಲ ಫರಸಿಯ ಮೇಲೆ, ಗಾಲಿಯಲ್ಲಿ. ಗೋಲ್ ಕಾಯುವ ಚಂದ್ರಕಲಾಳ ಕಾಲಿನ ಪ್ಯಾಡನ್ನು ಸೇಡಂನಲ್ಲಿ ಬಸ್ ಸೀಟು ಹೊಲಿಯುವವನಿಂದ ಹೊಲಿಸಿದೆವು. ಅವಳು ಚಿತ್ತಾಪುರ ಕೋರ್ಟಿನ ಮುಂದೆ ಟೈಪ್ ಮಾಡುತ್ತ ಕೂರುವವಳು, ಬಾಯಿ ಸುಮ್ಮನಿರುವುದಿಲ್ಲ. ಪ್ಯಾಡು ಕಟ್ಟಿಕೊಂಡು "ಇನ್ನ ನನ್ನ ಮ್ಯಾಗ ಮೂರು ಮಂದಿ ಕುಂದ್ರಬಹುದು, ಕಿಟಕಿ ಸೀಟು ಬ್ಯಾರೆ" ಅಂದಳು.

ಈಗ ನಾಗಮ್ಮನ ವಿಷಯ. ಈ ಕಥೆ ಅವಳದೇ.

ನಾಗಮ್ಮ ಸೇಡಂನವಳು, ನನಗಿಂತ ಮೂರು ವರ್ಷ ದೊಡ್ಡವಳು, ನಾವೆಲ್ಲ ನಾಗಕ್ಕ ಅನ್ನುತ್ತಿದ್ದೆವು. ಚಿಂಚೋಳಿ ಮಾರ್ಗದ ಬಸ್ಸಿನಲ್ಲಿ ಕಂಡಕ್ಟರ್. ಆ ರಸ್ತೆಯಲ್ಲಿ ಬಸ್ಸು ಕುಣಿಯುವುದನ್ನು ನೀವು ನೋಡಿದ್ದರೆ ಗೊತ್ತು. ಎರಡೂ ಕೈಯಲ್ಲಿ ಟಿಕೆಟ್ ಮಷೀನು ಚಿಲ್ಲರೆ ಹಿಡಿದು, ಏನನ್ನೂ ಹಿಡಿಯದೆ ಅವಳು ನಿಲ್ಲುತ್ತಿದ್ದಳು. ಸರ್ ಒಮ್ಮೆ ಅದೇ ಬಸ್ಸಿನಲ್ಲಿ ಹೋಗುವಾಗ ನೋಡಿ, ಇಳಿಯುವ ಮೊದಲೇ "ಬೇಟಾ, ಹಾಕಿ ಆಡ್ತಿ ಏನು" ಎಂದು ಕೇಳಿದ್ದರು. ಹಿಂದೆ ನಿಂತು ತಡೆಯುವುದು ಅವಳ ಆಟ. ಫರಸಿಯ ಮೇಲೆ ಅವಳನ್ನು ದಾಟಿ ಹೋದವರು ಇಲ್ಲ.

ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ತರಬೇತಿಯ ಕಾಲ. ಡಿಪೋದಲ್ಲಿ ರಜೆ ಕೊಡುವಾಗ ಒಂದು ಮಾತು ಹಾಕಿದ್ದರು: ಲೀಗಿನ ಕಡೆಯ ಪಟ್ಟಿಯಲ್ಲಿ ಹೆಸರಿತ್ತು, ಆಡಿದಳು ಎಂದು ತಂಡದಿಂದ ಪತ್ರ ಬಂದರೆ ಅದು ಆಟಗಾರರ ರಜೆ. ಪತ್ರ ಬರಲಿಲ್ಲವೋ, ಹೇಳದೆ ಕೇಳದೆ ಗೈರುಹಾಜರಿ. ತರಬೇತಿಯಲ್ಲಿ ಇರುವವರು ಅಷ್ಟು ದಿನ ಗೈರಾದರೆ ಮನೆಗೆ. ಇದು ತಂಡದ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಈ ಸಾಲು ಮರೆಯದೆ ಮುಂದೆ ಓದಿ.

ಹೊರಡುವ ಮುಂಚಿನ ತಿಂಗಳು ನಮ್ಮದೇ ಸ್ಕೇಟುಗಳು ಬಂದವು. ಯಾರೋ ಉಪಯೋಗಿಸಿ ಬಿಟ್ಟವು, ಬ್ಲೇಡೆಲ್ಲ ಮೊಂಡು. ಸರ್ ನನ್ನ ಮುಂದೆ ಸುರಿದರು. ಮೂರು ದಿನ ವಿಡಿಯೋ ನೋಡಿದೆ. ಮಾತಾಡುವವನ ಭಾಷೆ ತಿಳಿಯಲಿಲ್ಲ, ಕೈ ನೋಡಿ ಕಲಿತೆ. ಇಲ್ಲಿ ಒಂದು ಸಂಗತಿ ಹೇಳಬೇಕು. ಸ್ಕೇಟಿನ ಬ್ಲೇಡು ಚಾಕುವಿನ ಹಾಗೆ ಒಂದೇ ಅಲಗಿನದಲ್ಲ. ಅದರ ತಳ ಬಳಪದಷ್ಟು ಅಗಲ. ಆ ತಳದ ನಡುವೆ ಉದ್ದಕ್ಕೂ ಸಣ್ಣ ಕಾಲುವೆ ಕೊರೆಯಬೇಕು. ಆಗ ಕಾಲುವೆಯ ಎರಡು ದಂಡೆ ಎರಡು ಅಂಚಾಗಿ ನಿಲ್ಲುತ್ತವೆ. ನಮ್ಮಪ್ಪನ ಸಾಣೆ ಯಂತ್ರಕ್ಕೆ ಕಲ್ಲಿನ ಚಕ್ರ ಕೂಡಿಸಿ, ಚಕ್ರದ ಮೈ ದುಂಡಗೆ ಮಾಡಿ, ಕಾಲುವೆ ಕೊರೆದೆ. ಚಂದ ಬಂತು. ನಿಜವಾಗಿ ಹೇಳುತ್ತೇನೆ, ಅಲ್ಲಿಯ ತನಕ ಒಂದೂ ತಪ್ಪಿರಲಿಲ್ಲ.

ನಾಗಕ್ಕ ತನ್ನ ಜೋಡಿ ನೋಡಲು ಬಂದಳು. ಬ್ಲೇಡಿನ ಮೇಲೆ ಹೆಬ್ಬೆರಳು ಎಳೆದಳು. ರಕ್ತ.

"ಇದೇನವ್ವ ಮಾದೇವಿ, ಕೊರಳು ಕೊಯ್ಯಲಿಕ್ಕ ಮಾಡಿ ಏನು? ನಾಳಿ ಟಿಕೆಟ್ ಮಷೀನು ಒತ್ತೋದು ಹ್ಯಾಂಗ ನಾ?"

ಅಪ್ಪ ಪಕ್ಕದಲ್ಲೇ ಇದ್ದ. ಕಲ್ಲಿನವರಿಗೆ ಇದು ಮರ್ಯಾದೆಯ ಪ್ರಶ್ನೆ. ಫರಸಿ ಕೊಯ್ದ ಮೇಲೆ ಅದರ ಅಂಚು ಕತ್ತಿಯಂತೆ ಇರುತ್ತದೆ. ಹಾಗೇ ಗಿರಾಕಿಗೆ ಕೊಟ್ಟರೆ ಹೊತ್ತವನ ಕೈ ಸೀಳುತ್ತದೆ. ಅದಕ್ಕೇ ಕಡೆಯಲ್ಲಿ ಕೈಗಲ್ಲಿನಿಂದ ಅಂಚಿಗೆ ನಾಲ್ಕು ಸಲ ಉಜ್ಜಿ ಮೊನೆ ಹಾರಿಸುತ್ತಾರೆ. ಅಂಚು ಮುರಿಯುವುದು ಅನ್ನುತ್ತೇವೆ. ಅಂಚು ಮುರಿಯದ ಕಲ್ಲು ಹೊರಗೆ ಹೋದರೆ ಅದು ಯಾರ ಕೈಯ ಕೆಲಸ ಎಂದು ಊರೇ ಕೇಳುತ್ತದೆ.

"ಅಂಚು ಮುರೀಲಾರದ ಮಾಲು ಮಂದಿ ಕೈಯಾಗ ಕೊಡ್ತಾರೇನು?" ಅಂದ ಅಪ್ಪ. ನನಗೆ ನಾಚಿಕೆಯಾಯಿತು.

ಕೈಗಲ್ಲು ತೆಗೆದುಕೊಂಡೆ. ಹನ್ನೊಂದು ಜೋಡಿಗೂ ಅಂಚು ಮುರಿದೆ. ನಾಗಕ್ಕನ ಜೋಡಿಗೆ ಇನ್ನೂ ಅಕ್ಕರೆಯಿಂದ ಮುರಿದೆ, ಮತ್ತೆ ಅವಳ ಬೆರಳು ಕೊಯ್ಯಬಾರದು ಎಂದು. ಕೆನ್ನೆಗೆ ಒತ್ತಿಕೊಂಡರೂ ಏನಾಗದಷ್ಟು ನುಣುಪು. ಗೆರೆ ಗೆರೆ ಹೊಳೆಯುವ ಬ್ಲೇಡು. ಎಲ್ಲರೂ ಹೊಗಳಿದರು. ಸರ್ ಕನ್ನಡಿಯ ಹಾಗೆ ಮುಖ ನೋಡಿಕೊಂಡರು. ಗಾಲಿಯಲ್ಲಿ ಆಡುವವರಿಗೆ ಅಂಚು ಯಾಕೆ ಬೇಕು ಎಂದು ಯಾರಿಗೆ ಗೊತ್ತು? ಪರೀಕ್ಷೆ ಮಾಡಲು ಶಹಾಬಾದಿನಲ್ಲಿ ಬರ್ಫು ಎಲ್ಲಿಂದ ತರುವುದು?

ವಾಡಿಯಿಂದ ರೈಲು, ದಿಲ್ಲಿಯಿಂದ ವಿಮಾನ. ಸಾಣೆ ಯಂತ್ರ ನನ್ನ ಹೊದಿಕೆಗಳ ನಡುವೆ. ಲಡಾಖಿನ ಆ ಊರಲ್ಲಿ ಇಳಿದ ಮೇಲೆ ಎರಡು ದಿನ ಮೆಟ್ಟಿಲು ಹತ್ತಿದರೂ ಏದುಸಿರು. ಆಟದ ಅಂಗಳ ಒಂದು ಕೆರೆ. ನೀರೇ ನೆಲವಾಗಿ ನಿಂತಿತ್ತು. ನಮ್ಮ ಪಾಳಿ ಮೊದಲ ದಿನವೇ ಬಂದದ್ದರಿಂದ ಅಭ್ಯಾಸಕ್ಕೆ ಸಿಕ್ಕಿದ್ದು ಅರ್ಧ ಗಂಟೆ. ಅದರಲ್ಲಿ ಎಲ್ಲರೂ ಜಾರಿದರು. ಹೊಸ ಜಾಗ, ಹೊಸ ಗಾಳಿ, ಆಡುತ್ತ ಆಡುತ್ತ ಸರಿಹೋಗುತ್ತದೆ ಅಂದುಕೊಂಡೆವು.

ಮೊದಲ ಪಂದ್ಯ ಏಳು–ಸೊನ್ನೆ.

ಸೋಲು ಬಿಡಿ, ನಾನು ನೋಡಿದ್ದು ನಾಗಕ್ಕನನ್ನು. ಎದುರು ತಂಡದ ಹುಡುಗಿ ಚೆಂಡಿನ ಬದಲಿಗೆ ಇರುವ ಆ ಕರಿ ಬಿಲ್ಲೆಯನ್ನು ತಳ್ಳುತ್ತ ಬಂದಳು. ನಾಗಕ್ಕ ಅಡ್ಡ ತಿರುಗಿದಳು. ತಿರುಗಿದ ಕಾಲು ನಿಲ್ಲಲಿಲ್ಲ, ಎಣ್ಣೆಯ ಮೇಲೆ ಇಟ್ಟ ಹಾಗೆ ಪಕ್ಕಕ್ಕೆ ಓಡಿತು. ಬಿದ್ದಳು. ಗೋಲು. ಮತ್ತೆ ಅದೇ. ಮತ್ತೆ ಗೋಲು. ಮೂರನೆಯ ಸಲ ಸೊಂಟ ಬಡಿದ ಸದ್ದು ನನಗೆ ಕೇಳಿಸಿತು. ಕುಣಿಯುವ ಬಸ್ಸಿನಲ್ಲಿ ಒಮ್ಮೆಯೂ ತೂರಾಡದವಳು ಸಾವಿರ ಜನರ ಮುಂದೆ ಮಂಡಿಯೂರಿ ಎದ್ದಳು.

ಮುಗಿದ ಮೇಲೆ ಟೆಂಟಿನಲ್ಲಿ ಸರ್ ಕೂಗಲಿಲ್ಲ. ಅವರು ಮೆಲ್ಲಗೆ ಮಾತಾಡಿದರೆ ನಮಗೆ ಹೆದರಿಕೆ ಹೆಚ್ಚು.

"ನಾಗಮ್ಮ, ಹೆದರೀದಿ ನೀ."

"ಹೆದರಿಲ್ರಿ ಸರ್. ಕಾಲು ಹಿಡೀವಲ್ದು. ನಿಂದ್ರಬೇಕಂತ ಒತ್ತಿದ್ರ ಓಡಿ ಹೋಗ್ಲಿಕತ್ತದ."

"ಎಲ್ಲಾರ ಕಾಲಾಗೂ ಅವೇ ಬ್ಲೇಡು, ಅದೇ ಬರ್ಫು. ಮೂರು ಗೋಲು ನಿನ್ನ ಮ್ಯಾಗಿಂದ ಹೋಗ್ಯಾವ. ಅಂಗಳ ಡೊಂಕು ಅನಬ್ಯಾಡ."

ಲೀಗಿನ ಒಂದು ನಿಯಮ: ಮೊದಲ ಪಂದ್ಯ ಆದಮೇಲೆ ತಂಡ ಒಂದೇ ಒಂದು ಹೆಸರು ಬದಲಿಸಬಹುದು. ಮರುದಿನ ಬೆಳಿಗ್ಗೆ ಎಂಟರೊಳಗೆ ಪಟ್ಟಿ ಕೊಡಬೇಕು. ಆಮೇಲೆ ಕಡೆಯ ತನಕ ಅದೇ ಪಟ್ಟಿ. ಸರ್ ನಾಗಮ್ಮನ ಹೆಸರು ತೆಗೆದು ಹೊರಗಿದ್ದ ಪಲ್ಲವಿಯ ಹೆಸರು ಹಾಕುತ್ತೇನೆ ಎಂದರು. ಪಲ್ಲವಿ ಸಣ್ಣವಳು, ಅವಳಿಗೂ ಅಳು ಬಂತು. ನಾಗಕ್ಕ ಮಾತ್ರ ಅಳಲಿಲ್ಲ. ಬೂಟಿನ ಲೇಸು ಬಿಚ್ಚುತ್ತ ಕೇಳಿದಳು:

"ಹಂಗಾರ ಡಿಪೋಕ್ಕ ಪತ್ರ, ಸರ್?"

"ಪಟ್ಟ್ಯಾಗ ಹೆಸರಿಲ್ಲ ಅಂದ್ರ ಅದ ಅಂತ ನಾ ಹ್ಯಾಂಗ ಬರೀಲವ್ವ?"

ಲೇಸು ಬಿಚ್ಚಿ ಬೂಟು ಜೋಡಿಸಿ ನನ್ನ ಕೈಗೆ ಕೊಟ್ಟಳು. "ಒರಸಿಡು ಮಾದೇವಿ, ತುಕ್ಕು ಹಿಡೀತಾವ," ಅಂದಳು. ಅಷ್ಟೇ.

ಕೆರೆಯ ದಂಡೆಯಲ್ಲಿ ಒಬ್ಬ ಮುದುಕ ಆ ಊರಿನ ತಂಡದ ಬ್ಲೇಡುಗಳಿಗೆ ಸಾಣೆ ಹಿಡಿಯುತ್ತ ಕೂತಿರುತ್ತಿದ್ದ. ಎಲ್ಲರೂ ಮೇಮೆ ಅನ್ನುತ್ತಿದ್ದರು, ಅವರ ಭಾಷೆಯಲ್ಲಿ ಅಜ್ಜ. ಮಧ್ಯಾಹ್ನ ನಾನು ಬೂಟು ಒರಸುತ್ತ ಅವನ ಕೈ ನೋಡಲು ಹೋದೆ. ಆತ ಕಾಲುವೆ ಕೊರೆದು ಮುಗಿಸಿ, ಬ್ಲೇಡಿನ ಒಂದು ದಂಡೆಯ ಮೇಲೆ ಹೆಬ್ಬೆರಳಿನ ಉಗುರನ್ನು ಅಡ್ಡ ಇಟ್ಟು ಮೆಲ್ಲಗೆ ಎಳೆದ. ಉಗುರಿನಿಂದ ಬಿಳಿ ಪುಡಿ ಹೆರೆದು ಬಂತು. ಇನ್ನೊಂದು ದಂಡೆಗೂ ಹಾಗೇ. ಆಮೇಲೆ ತಲೆಯಾಡಿಸಿ ಪಕ್ಕಕ್ಕಿಟ್ಟ.

ನನ್ನ ಕೈಲಿದ್ದ ನಾಗಕ್ಕನ ಬೂಟಿಗೆ ಕೈ ಚಾಚಿದ. ಉಗುರು ಎಳೆದ. ಏನೂ ಹೆರೆಯಲಿಲ್ಲ. ಇನ್ನೊಮ್ಮೆ ಎಳೆದ. ನನ್ನ ಮುಖ ನೋಡಿದ.

"ಇದರ ಅಂಚು ಯಾರು ತೆಗೆದರು?" ಎಂದು ಹಿಂದಿಯಲ್ಲಿ ಕೇಳಿದ.

"ನಾನೇ. ಕೈ ಕೊಯ್ಯಬಾರದು ಅಂತ."

ಆತ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. "ಕೊಯ್ಯಬೇಕು ಮಗಳೇ. ಬರ್ಫನ್ನು ಕೊಯ್ದರೇ ಕಾಲು ನಿಲ್ಲುವುದು," ಅಂದ. ಆಮೇಲೆ, "ಬೆಳಿಗ್ಗೆ ಮೂರು ಸಲ ಬಿದ್ದಳಲ್ಲ, ಆ ಎತ್ತರದವಳದೇ ಇದು? ಈ ಬ್ಲೇಡಿನ ಮೇಲೆ ಅವಳು ಎದ್ದು ನಿಂತದ್ದೇ ದೊಡ್ಡದು."

ಈಗ ಕೆಲಸಕ್ಕೆ ಬಂದವರೇ, ಉಗುರಿನ ಈ ಪರೀಕ್ಷೆ ಬರೆದಿಟ್ಟುಕೊಳ್ಳಿ. ಈಗ ನಿಮಗೆ ಬ್ಲೇಡನ್ನು ತಾನೇ ಹಿಡಿದು ತಾನೇ ಉಜ್ಜುವ ಸಣ್ಣ ಪೆಟ್ಟಿಗೆ ಬಂದಿದೆ, ಗುಂಡಿ ಒತ್ತಿದರೆ ಮುಗಿಯಿತು. ಬೆರಳು ನಡುಗುವುದಿಲ್ಲ, ನಿಮ್ಮ ಪುಣ್ಯ. ಆದರೂ ಪೆಟ್ಟಿಗೆಯಿಂದ ತೆಗೆದ ಮೇಲೆ ಎರಡೂ ದಂಡೆಗೆ ಉಗುರು ಎಳೆಯಿರಿ. ಒಂದು ದಂಡೆ ಹೆರೆದು ಇನ್ನೊಂದು ಹೆರೆಯದಿದ್ದರೆ ಬ್ಲೇಡು ಓರೆಯಾಗಿ ಕೂತಿತ್ತು ಎಂದು ಅರ್ಥ. ಗೋಲ್ ಕಾಯುವವಳದು ಮಾತ್ರ ಬೇರೆ ಲೆಕ್ಕ. ಅವಳು ಅಡ್ಡಡ್ಡ ಸರಿಯಬೇಕು, ಕಾಲುವೆ ಆಳ ಬೇಡ. ಇದನ್ನೆಲ್ಲ ಮೇಮೆ ಆಮೇಲೆ ಹೇಳಿಕೊಟ್ಟದ್ದು. ಆ ಹೊತ್ತು ನನ್ನ ಕಿವಿಗೆ ಏನೂ ಬೀಳುತ್ತಿರಲಿಲ್ಲ.

ಅಲ್ಲಿಂದ ಎದ್ದು ನೇರ ಸರ್ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಯಾಕೆ ಎಂದು ಇವತ್ತೂ ಸರಿಯಾಗಿ ಹೇಳಲಾರೆ. ಬಾಗಿಲ ತನಕ ಎರಡು ಸಲ ಹೋದೆ. ಒಂದು ಸಲ ಅವರು ಫೋನಿನಲ್ಲಿದ್ದರು. ಇನ್ನೊಂದು ಸಲ ಫೋನಿನಲ್ಲಿ ಇರಲಿಲ್ಲ. ನನ್ನ ಲೆಕ್ಕ ಹೀಗಿತ್ತು: ಬೆಳಿಗ್ಗೆ ಬೇಗ ಎದ್ದು ಎಲ್ಲ ಬ್ಲೇಡು ಸರಿ ಮಾಡಿಬಿಡುತ್ತೇನೆ, ತಂಡ ಚೆನ್ನಾಗಿ ಆಡುತ್ತದೆ, ಏಳು ಗೋಲು ಯಾರಿಗೂ ನೆನಪಿರುವುದಿಲ್ಲ, ನನ್ನ ಮರ್ಯಾದೆಯೂ ಉಳಿಯುತ್ತದೆ. ಎಲ್ಲ ಕೂಡಿ ಬರುತ್ತಿತ್ತು. ಒಂದೇ ಕೊರತೆ, ಅಷ್ಟರಲ್ಲಿ ನಾಗಕ್ಕನ ಹೆಸರು ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಅವಳು ಊರಿಗೆ ಹೋಗಿ ಬಸ್ಸು ಹತ್ತಲು ನೋಡಿದರೆ ಆ ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಇರುತ್ತಿದ್ದರು.

ಆ ಬಸ್ಸು ರಾತ್ರಿ ನನಗೆ ನಿದ್ದೆ ಕೊಡಲಿಲ್ಲ. ಬೆಳಿಗ್ಗೆ ಏಳೂವರೆಗೆ ಸರ್ ಚಹಾದ ಅಂಗಡಿಯಲ್ಲಿ ಪಟ್ಟಿ ಬರೆಯುತ್ತಿದ್ದರು. ಎದುರು ಚಂದ್ರಕಲಾ. ಅವಳ ಅಕ್ಷರ ಚಂದ ಎಂದು ಕೂಡಿಸಿಕೊಂಡಿದ್ದರು. ನಾನು ನಾಗಕ್ಕನ ಬೂಟು ಎದೆಗೆ ಅವುಚಿ ಹೋಗಿ ನಿಂತೆ.

"ಸರ್, ನಾಗಕ್ಕಂದು ತಪ್ಪಿಲ್ರಿ. ಬ್ಲೇಡು ಕೆಡಿಸಿದಾಕಿ ನಾನು."

ಸರ್ ತಲೆ ಎತ್ತಲಿಲ್ಲ. "ಗೆಳತಿ ಸಲುವಾಗಿ ಸುಳ್ಳು ಹೇಳಬ್ಯಾಡ."

"ಸುಳ್ಳಲ್ರಿ. ಕಲ್ಲಿನ ಹಂಗ ಅಂಚು ಮುರಿದೀನಿ. ಎಲ್ಲಾರದೂ. ಆಕೀದು ಎಲ್ಲಾರಕಿಂತ ಹೆಚ್ಚ. ಉಗುರು ಎಳದು ನೋಡ್ರಿ."

ಎಳೆದರು. ಏನೂ ಬರಲಿಲ್ಲ. ಮೇಮೆಯಿಂದ ಬೇಡಿ ತಂದಿದ್ದ ಇನ್ನೊಂದು ಬೂಟು ಮುಂದಿಟ್ಟೆ. ಅದಕ್ಕೆ ಎಳೆದರು. ಪುಡಿ ಉದುರಿ ಪಟ್ಟಿಯ ಮೇಲೆ ಬಿತ್ತು. ಸರ್ ಅದನ್ನೇ ನೋಡುತ್ತ ಕೂತರು.

"ಯಾವಾಗ ತಿಳೀತು ನಿನಗ?"

"ನಿನ್ನಿ ಮಧ್ಯಾನ್ನ."

"ನಿನ್ನಿ ಮಧ್ಯಾನ್ನದಿಂದ ಬಾಯಾಗ ಏನು ಇಟ್ಕೊಂಡಿದ್ದಿ? ಎಲಿ ಅಡಿಕಿ?"

ಚಂದ್ರಕಲಾ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು. "ಸರ್, ಇದನ್ನ ಬೇಕಾರ ನಾ ಅಫಿಡವಿಟ್ ಬರದು ಕೊಡ್ತೀನಿ," ಅಂದಳು, ಆದರೆ ಅವಳ ದನಿಯಲ್ಲಿ ಎಂದಿನ ಚೇಷ್ಟೆ ಇರಲಿಲ್ಲ.

"ನಾಗಮ್ಮಗ ಕರಿ," ಅಂದರು ಸರ್.

ಅವಳು ಬರುವ ಹೊತ್ತಿಗೆ ಎಂಟಕ್ಕೆ ಹದಿನೆಂಟು ನಿಮಿಷ. ನನ್ನ ಬಾಯಿಂದಲೇ ಹೇಳಿಸಿದರು. ಕೇಳುತ್ತ ನಾಗಕ್ಕ ಒಂದು ಕೈಯಿಂದ ಸೊಂಟ ಒತ್ತಿಕೊಂಡಿದ್ದಳು.

"ಮೂರು ಸಲ ಕೆಡವಿದಾಕಿ ನೀನಾ?"

"ಹೌದಕ್ಕ."

"ನಿನ್ನಿ ಸಂಜಿಗಿ ನನ್ನ ಜೋಡಿ ಕುಂತು ಉಂಡಿ. ಆವಾಗೂ ಗೊತ್ತಿತ್ತಾ?"

"ಗೊತ್ತಿತ್ತು."

ಸರ್ ಹೇಳಿದರು, "ನೋಡು ನಾಗಮ್ಮ. ಹನ್ನೊಂದಕ್ಕ ಆಟ. ಅಷ್ಟರಾಗ ಈಕಿ ಎಲ್ಲಾ ಜೋಡಿ ಸರಿ ಮಾಡ್ತಾಳೋ ಇಲ್ಲೋ ಖಾತ್ರಿ ಇಲ್ಲ. ನಿನ್ನ ಹೆಸರು ಇಡ್ತೀನಿ. ಆದರ ಇಟ್ಟ ಮ್ಯಾಗ ಇವತ್ತೂ ನೀ ಬಿದ್ದರ ತಂಡ ಮುಳುಗ್ತದ, ಬದಲಿ ಇಲ್ಲ. ನಿಲ್ತಿ ಏನು?"

"ನಿಲ್ತೀನ್ರಿ. ಒಂದು ಮಾತು. ನನ್ನ ಜೋಡಿ ಕಡೀಗೆ ಹಿಡೀಲಿ."

"ಕಡೀಗಾ? ಹೊತ್ತು ಸಾಲಲಿಲ್ಲಂದ್ರ?"

"ಮೊದಲು ಬ್ಯಾರೇರದು ಹಿಡದು ಕೈ ಪಳಗಲಿ. ಈಕಿ ನನ್ನ ಮ್ಯಾಗ ಒಮ್ಮೆ ಕಲ್ತಾಳ, ಸಾಕು."

ಐದು ವರ್ಷದ ಕೆಲಸದಲ್ಲಿ ನನ್ನ ಬಗ್ಗೆ ಅಷ್ಟು ಸರಿಯಾದ ಮಾತು ಬೇರೆ ಯಾರೂ ಆಡಲಿಲ್ಲ.

ಎಂಟಕ್ಕೆ ಐದು ನಿಮಿಷ ಇರುವಾಗ ಪಟ್ಟಿ ಹೋಯಿತು. ನಾಗಮ್ಮನ ಹೆಸರು ಇದ್ದಲ್ಲೇ ಇತ್ತು.

ಯಂತ್ರವನ್ನು ಕೆರೆಯ ದಂಡೆಗೆ ಒಯ್ದು ಜನರೇಟರಿಗೆ ಹಚ್ಚಿದೆ. ಗೋಲ್ ಕಾಯುವವಳದು ಬಿಟ್ಟು ಹತ್ತು ಜೋಡಿ. ಮೊದಲ ಜೋಡಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಉಗುರು ಎಳೆದರೆ ಒಂದೇ ದಂಡೆ ಹೆರೆಯಿತು. ಕಿತ್ತು ಮತ್ತೆ ಕೂಡಿಸಿದೆ. ಮೇಮೆ ಪಕ್ಕದಲ್ಲಿ ನಿಂತು ಕೈಯ ಕೋನ ತೋರಿಸಿದ. ಎರಡನೆಯದಕ್ಕೆ ಹದಿನಾರು. ಮೂರು, ನಾಲ್ಕು, ಐದು. ಕೈಗವಸು ಹಾಕಿದರೆ ಬ್ಲೇಡಿನ ನಡುಕ ತಿಳಿಯುವುದಿಲ್ಲ, ತೆಗೆದರೆ ಬೆರಳು ಉಕ್ಕಿಗೆ ಅಂಟುತ್ತದೆ. ತೆಗೆದೇ ಹಿಡಿದೆ. ನನ್ನ ಎರಡೂ ಹೆಬ್ಬೆರಳಿನ ಉಗುರು ಸವೆದು ಹೋದವು, ಪಲ್ಲವಿ ತನ್ನ ಬೆರಳು ಚಾಚಿದಳು. "ನಂದರ ಮ್ಯಾಗ ನೋಡಕ್ಕ, ಹೆಂಗೂ ನಾ ಆಡಂಗಿಲ್ಲ," ಅಂದಳು. ಆ ಕೊರಗಿನಲ್ಲೂ ಅವಳು ಅಲ್ಲಿಂದ ಕದಲಲಿಲ್ಲ.

ಒಂಬತ್ತು ಜೋಡಿ ಮುಗಿದಾಗ ಹತ್ತೂ ನಲವತ್ತು. ನಾಗಕ್ಕ ಬೆಂಚಿನ ಮೇಲೆ ಉಣ್ಣೆಯ ಕಾಲುಚೀಲದಲ್ಲಿ ಕೂತು ನೋಡುತ್ತಿದ್ದಳು. ಎಡಗಾಲಿನದು ಹಿಡಿದೆ. ಎರಡೂ ದಂಡೆ ಹೆರೆದವು. ಬಲಗಾಲಿನದು ಚಕ್ರಕ್ಕೆ ಇಟ್ಟೆ. ಜನರೇಟರ್ ಎರಡು ಸಲ ಕೆಮ್ಮಿ ನಿಂತಿತು.

ಎಣ್ಣೆ ಹೆಪ್ಪುಗಟ್ಟಿದೆ, ಕಾಸಿ ಹಚ್ಚಲು ಅರ್ಧ ಗಂಟೆ ಬೇಕು ಎಂದ ಅದರವನು. ಸೀಟಿ ಊದಲು ಹದಿಮೂರು ನಿಮಿಷ. ತಂಡ ಅಂಗಳಕ್ಕೆ ಇಳಿಯುತ್ತಿತ್ತು. ಸರ್ ನನ್ನತ್ತ ನೋಡಿದರು, ಬಯ್ಯಲಿಲ್ಲ. ಬೈದಿದ್ದರೆ ಕೈ ಓಡುತ್ತಿತ್ತೇನೋ.

ಮೇಮೆ ತನ್ನ ಪೆಟ್ಟಿಗೆ ತಡಕಿ ಒಂದು ದುಂಡನೆಯ ಅರ ಕೊಟ್ಟ, ಕಿರುಬೆರಳಷ್ಟು ದಪ್ಪ. ಯಂತ್ರ ಬರುವ ಮುಂಚೆ ಹೀಗೇ ಮಾಡುತ್ತಿದ್ದೆವು ಎಂದ. ಬೂಟನ್ನು ತಲೆಕೆಳಗಾಗಿ ತೊಡೆಯ ನಡುವೆ ಅದುಮಿ ಹಿಡಿದೆ. ಅರವನ್ನು ಕಾಲುವೆಯಲ್ಲಿಟ್ಟು ಹಿಮ್ಮಡಿಯಿಂದ ಮುಂದಕ್ಕೆ ಎಳೆದೆ. ಒಂದೇ ದಿಕ್ಕಿಗೆ. ಎತ್ತು, ಮತ್ತೆ ಹಿಮ್ಮಡಿಯಿಂದ. ಕಲ್ಲು ಉಜ್ಜುವ ಮನೆಯಲ್ಲಿ ಹುಟ್ಟಿದವಳಿಗೆ ಕೈಯ ಭಾರ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಯಾರೂ ಹೇಳಬೇಕಿಲ್ಲ. ಇಷ್ಟು ದಿನ ಅದೇ ಕೈಯನ್ನು ನುಣುಪು ಮಾಡಲು ಬಳಸಿದ್ದೆ. ಈಗ ಹರಿತ ಬರಿಸಬೇಕು. ಅಂಚು ಮುರಿಯಬೇಕೆಂದು ಬೆರಳು ತಾನಾಗಿ ವಾಲುತ್ತಿತ್ತು, ಪ್ರತಿ ಎಳೆತಕ್ಕೂ ಅದನ್ನು ತಡೆದೆ.

ನಲವತ್ತು ಎಳೆತದ ಮೇಲೆ ಉಗುರು ಇಟ್ಟೆ. ಇಲ್ಲ. ಇನ್ನೂ ಇಪ್ಪತ್ತು. ಒಂದು ದಂಡೆ ಹೆರೆಯಿತು. ಇನ್ನೂ ಹತ್ತು. ಅಂಗಳದಲ್ಲಿ ಹೆಸರು ಕೂಗುತ್ತಿದ್ದರು.

"ಬಿಡು ಇತ್ಲಾಗ," ಎಂದು ನಾಗಕ್ಕ ಬೂಟು ಕಿತ್ತುಕೊಂಡಳು. ತನ್ನ ಉಗುರು ತಾನೇ ಎಳೆದಳು. ಎಡಕ್ಕೆ, ಬಲಕ್ಕೆ. ಬಿಳಿ ಪುಡಿಯನ್ನು ಊದಿ ಹಾರಿಸಿ, ಕಾಲಿಗೆ ಹಾಕಿಕೊಂಡು ಓಡಿದಳು.

ಆಟದ ಮೊದಲ ಐದು ನಿಮಿಷ ನಾನು ಕಣ್ಣು ಮಿಟುಕಿಸಲಿಲ್ಲ. ಒಂದು ಕಾಲು ಯಂತ್ರದ್ದು, ಒಂದು ಕಾಲು ಕೈಯದ್ದು. ಎರಡೂ ಒಂದೇ ಹಿಡಿತ ಹಿಡಿಯುತ್ತವೆ ಎಂದು ಯಾರು ಹೇಳಬೇಕು? ಎದುರಾಳಿ ತಂಡದ ಚುರುಕು ಹುಡುಗಿ ನಿನ್ನೆಯ ಸುದ್ದಿ ಕೇಳಿಕೊಂಡೇ ಬಂದಿದ್ದಳು, ನೇರ ನಾಗಕ್ಕನ ಮೇಲೆಯೇ ನುಗ್ಗಿದಳು. ಗೋಲಿನಿಂದ ಚಂದ್ರಕಲಾ ಬಸ್ಸು ನಿಲ್ಲಿಸುವ ಹಾಗೆ ಕೂಗಿದಳು, "ನಾಗಕ್ಕ, ಹೋಲ್ಡಾನ್!"

ನಾಗಕ್ಕ ಅಡ್ಡ ತಿರುಗಿದಳು. ಬಲಗಾಲು ಸರ್ರನೆ ಜಾರಿತು. ಒಂದು ಗೇಣು ಜಾರಿತು, ಎರಡು ಗೇಣು. ಆಮೇಲೆ ಗರಗಸ ಕಟ್ಟಿಗೆಯಲ್ಲಿ ಕಚ್ಚಿಕೊಂಡಂಥ ಸದ್ದು. ಬರ್ಫಿನ ಪುಡಿ ಮೊಣಕಾಲೆತ್ತರ ಎದ್ದಿತು. ಅವಳು ನಿಂತಿದ್ದಳು. ಎದುರಿನವಳು ಗೋಡೆಗೆ ಬಡಿದ ಹಾಗೆ ಬಡಿದು ಪಕ್ಕಕ್ಕೆ ಹೋದಳು, ಕರಿ ಬಿಲ್ಲೆ ನಾಗಕ್ಕನ ಕೋಲಿನ ಕೆಳಗಿತ್ತು.

ಎರಡು–ಒಂದು. ಸೋತೆವು. ಆದರೆ ಎರಡೂ ಗೋಲು ದೂರದಿಂದ ಹೊಡೆದವು, ನಾಗಕ್ಕನನ್ನು ದಾಟಿ ಹೋದದ್ದು ಒಂದೂ ಇಲ್ಲ. ನಾವು ಹೊಡೆದ ಆ ಒಂದು ಗೋಲಿಗೆ ನಮ್ಮವರು ಗೆದ್ದವರಂತೆ ಕುಣಿದರು.

ಟೆಂಟಿನಲ್ಲಿ ಸರ್ ಚಂದ್ರಕಲಾಳಿಂದ ಪತ್ರ ಬರೆಸಿ, ಸಹಿ ಹಾಕಿ, ಫೋಟೋ ತೆಗೆದು ಡಿಪೋಕ್ಕೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಅತ್ತಲಿಂದ ಪತ್ರ ಮುಟ್ಟಿತು, ರಜೆ ಪಾಸು ಎಂದು ಎರಡು ಮಾತು ಬಂತು. ನಾಗಕ್ಕ ಅದನ್ನು ಎರಡು ಸಲ ಓದಿದಳು. ಸರ್ ನನ್ನ ಹತ್ತಿರ ಬಂದು, "ನಿನ್ನ ಏನು ಮಾಡಬೇಕಂತ ಊರಿಗಿ ಹೋದಮ್ಯಾಗ ವಿಚಾರ ಮಾಡ್ತೀನಿ," ಅಂದರು. ಇವತ್ತಿನ ತನಕ ವಿಚಾರ ಮಾಡುತ್ತಲೇ ಇದ್ದಾರೆ.

ಎಲ್ಲರೂ ಊಟಕ್ಕೆ ಹೋದರು. ನಾಗಕ್ಕ ಹಿಂದೆ ಉಳಿದಳು. ಲೇಸು ಬಿಚ್ಚುತ್ತಿದ್ದಳು. ನಾನು ಹೋಗಿ ಮುಂದೆ ಕೂತೆ.

"ಅಕ್ಕ, ಮಾಫ್ ಮಾಡು."

ಅವಳು ಒಂದು ಬೂಟು ಬಿಚ್ಚಿ ಕೆಳಗಿಟ್ಟಳು. ಇನ್ನೊಂದನ್ನು ಬಿಚ್ಚಿದಳು. ಬಲಗಾಲಿನದು. ಅದನ್ನು ತಿರುವಿ ನೋಡಿದಳು.

"ಇದು ಮೊದಲಿಗಿ ಜಾರ್ತದ, ಆಮ್ಯಾಗ ಹಿಡೀತದ. ಎಡದ್ದು ಇಟ್ಟ ಕೂಡ್ಲೆ ಹಿಡೀತದ."

"ಇವತ್ತೇ ಸರಿ ಮಾಡ್ತೀನಿ."

"ಮಾಡು."

"ಮಾಫಿ?"

"ಇನ್ನಾ ಮೂರು ಆಟ ಅದಾವ," ಎಂದಳು ನಾಗಕ್ಕ. ಎರಡೂ ಬೂಟು ನನ್ನ ಮಡಿಲಿಗೆ ಹಾಕಿ, ಕಾಲುಚೀಲದಲ್ಲೇ ಊಟಕ್ಕೆ ನಡೆದಳು.